ಪ್ಯಾಲೆಸ್ಟೈನ್ ಸಂಧಿಪ್ರಯತ್ನವೂ ಭಾರತದ ಕರ್ತವ್ಯವೂ

(ಶ್ರೀಮಠದ ಅಮೃತಮಹೋತ್ಸವದ ಎರಡನೆಯ ದಿವಸ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)



ಗೋಷ್ಠಿಯ ಕಾರ್ಯಕರ್ತರು ನನಗೆ ಕೊಟ್ಟ ವಿಷಯವು ‘ಲೋಕಶಾಂತಿ’ ಎಂಬುದು. ವಿಷಯವು ಘನವಾದದ್ದೇ ಸರಿ. ಆದರೆ ಇಷ್ಟು ವಿಶಾಲವಾದ ವಿಷಯವನ್ನು ಹಿಡಿದು ಒಂದು ತಾಸಿನ ವರೆಗೆ ಯಾರಿಗೂ ನೋವಾಗದಂತೆಯೂ ಯಾರಿಗೂ ಉಪಯೋಗವಾಗದಂತೆಯೂ ಮಾತಾಡಿ ಕುಳಿತುಕೊಳ್ಳುವದು ಬಹು ಸುಲಭವು. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಶಾಸ್ತ್ರವನ್ನೂ ಓದಿದ ನನ್ನಂಥವನಿಗೆ ಒಂದು ಶಬ್ದವನ್ನು ಹಿಡಿದು ಅದರ ಅರ್ಥವನ್ನು ವಿಚಾರಿಸುವದಷ್ಟೇ ಗೊತ್ತು. ಆದ್ದರಿಂದ ಲೋಕಶಾಂತಿಯನ್ನು ಬಿಟ್ಟು ಲೋಕದ ಒಂದು ಮೂಲೆಯ ಅಶಾಂತಿಯನ್ನು ತೆಗೆದುಕೊಳ್ಳುವೆನು. ಅದು ಪ್ಯಾಲೆಸ್ಟೈನ್ ದೇಶದ ವ್ಯಾಜ್ಯವು. ಆ ಒಂದೇ ನಾಡಿನಲ್ಲಿ ಇಸ್ರೇಲ್ ಎಂಬ ರಾಜ್ಯವೂ ಪ್ಯಾಲೆಸ್ಟೈನ್ ಎಂಬ ರಾಜ್ಯವೂ ಅಕ್ಕಪಕ್ಕದಲ್ಲಿ ನೆಮ್ಮದಿಯಿಂದ ಬಾಳಬೇಕೆಂಬ ಸಂಧಿಗೆ ನಮ್ಮ ಭಾರತ ಸರಕಾರವು ಬೆಂಬಲ ಕೊಡುತ್ತ ಬಂದಿರುತ್ತದೆ. ಬೆಂಬಲವೆಂದರೇನು? ಹೌದೆಂದು ಹೇಳಿದರೆ ಬೆಂಬಲವಾಯಿತೋ, ಇನ್ನೇನಾದರೂ ಮಾಡತಕ್ಕದ್ದಿದೆಯೋ? ಇದೇ ಈ ದಿನದ ನನ್ನ ಪ್ರಶ್ನೆಯು.

‘ಎಲ್ಲಿಯ ಪ್ಯಾಲೆಸ್ಟೈನ್, ಎಲ್ಲಿಯ ನಮ್ಮ ಮಠ?’ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆ ಭೂಮಿಯು ನಾವು ತಿಳಿದಷ್ಟು ದೂರದ್ದಲ್ಲ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, 1918ನೆಯ ಇಸವಿಯ ಸಪ್ಟೆಂಬರ 23ನೆಯ ದಿನ, ಆ ನಾಡಿನ ಹೈಫಾ ಪಟ್ಟಣವನ್ನು ತುರುಕರಿಂದ ಗೆದ್ದುಕೊಂಡ ಕುದುರೆಯ ದಂಡಿನಲ್ಲಿ ಜೋಧಪುರದ ಸವಾರರೊಡನೆ ಮೈಸೂರು ಸಂಸ್ಥಾನದ ಸವಾರರೂ ಇದ್ದರು. ದಿಲ್ಲಿಯಲ್ಲಿ ‘ತೀನ್ ಮೂರ್ತಿ’ ಎಂದು ಹೆಸರಾದ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ ಸಂಸ್ಥಾನಗಳ ಆ ಸವಾರರ ಸ್ಮಾರಕವೇ ಆಗಿರುತ್ತವೆ. ಮುಂದೆ 1956ರಿಂದ 1967ರ ವರೆಗೆ ಸಂಯುಕ್ತ ರಾಷ್ಟ್ರಸಂಘದ ಶಾಂತಿಪಡೆಯು ಗಾಜಾದಲ್ಲಿ ಕಾವಲಿದ್ದಾಗ ಅದರಲ್ಲಿ ಭಾರತದ ಸೈನಿಕರಿದ್ದರು. 1967ರ ಜೂನ್ ತಿಂಗಳ ಯುದ್ಧದಲ್ಲಿ ಅವರಲ್ಲಿ ಕೆಲವರು ಅಲ್ಲಿಯೇ ಮಡಿದರು. ಇತ್ತೀಚಿನ ದಿವಸಗಳಲ್ಲಿ ನಮ್ಮ ಕರಾವಳಿಯ ಮಂಗಳೂರು ಉಡುಪಿ ಸೀಮೆಯ ಅನೇಕ ಸ್ತ್ರೀಪುರುಷರು ಇಸ್ರೇಲಿಗೆ ಹೋಗಿ ಅಲ್ಲಿಯ ಮುದುಕರ ಮತ್ತು ರೋಗಿಗಳ ಆರೈಕೆಯಿಂದ ತಮ್ಮ ಸಂಸಾರಗಳನ್ನು ಸಾಗಿಸುತ್ತಿರುವರು. 2023ರ ಅಕ್ಟೋಬರದಲ್ಲಿ ಯುದ್ಧವು ಸ್ಫೋಟಿಸಿದಾಗ ಆ ಮನೆಗಳಲ್ಲಿ ತಾಯಿತಂದೆಗಳು ನಿದ್ದೆಗೆಟ್ಟು ಕುಳಿತಿದ್ದರು. ಹೀಗಿರುವದರಿಂದ ಆ ವ್ಯಾಜ್ಯವು ಬರಿಯ ವೃತ್ತಪತ್ರಿಕೆಯ ಸುದ್ದಿಯಲ್ಲ.

ಜೋರ್ಡಾನ್ ಹೊಳೆಗೂ ಪಶ್ಚಿಮದ ಸಮುದ್ರಕ್ಕೂ ನಡುವೆ ಇರುವ ಆ ನಾಡಿನ ವಿಸ್ತಾರವು ನಮ್ಮ ಬೆಳಗಾವಿ ವಿಜಯಪುರ ಜಿಲ್ಲೆಗಳೆರಡನ್ನು ಕೂಡಿಸಿದರೆ ಆಗುವದಕ್ಕಿಂತ ಸ್ವಲ್ಪವೇ ಹೆಚ್ಚು. ಇಷ್ಟು ಸಣ್ಣ ಭೂಮಿಯ ಮೇಲೆ ಎರಡು ಜನಾಂಗಗಳು ‘ಇದು ನಮ್ಮದು’ ಎನ್ನುತ್ತವೆ. ಎರಡರ ಮಾತಿನಲ್ಲಿಯೂ ಕಣ್ಣೀರಿದೆ. ಯೂರೋಪದಲ್ಲಿ ಹಿಟ್ಲರನ ಆಳಿಕೆಯಲ್ಲಿ ಸುಮಾರು 60 ಲಕ್ಷ ಯಹೂದ್ಯರು ಕೊಲ್ಲಲ್ಪಟ್ಟರು. ಉಳಿದವರಿಗೆ ತಮ್ಮದೆಂಬ ಒಂದು ಸೂರು ಬೇಕಾಯಿತು. ಇತ್ತ 1948ರ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೈನಿನ ಅರಬರು ತಮ್ಮ ಮನೆಮಾರುಗಳನ್ನು ಕಳೆದುಕೊಂಡು ನಿರಾಶ್ರಿತರಾದರು. ಮನೆಯ ಬೀಗದ ಕೈಯನ್ನು ಮೊಮ್ಮಕ್ಕಳ ವರೆಗೆ ಕಾಯ್ದಿಟ್ಟುಕೊಂಡ ಕುಟುಂಬಗಳು ಅವರಲ್ಲಿವೆ. ಒಬ್ಬರ ದುಃಖವು ಸತ್ಯವಾದ ಮಾತ್ರಕ್ಕೆ ಇನ್ನೊಬ್ಬರ ದುಃಖವು ಸುಳ್ಳಾಗುವದಿಲ್ಲವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಂಡು ಮುಂದೆ ಸಾಗಬೇಕು.

ಈ ವ್ಯಾಜ್ಯದಲ್ಲಿ ನಮ್ಮ ಸರಕಾರದ ನಡೆಯು ಎಲ್ಲಿಂದ ಆರಂಭವಾಯಿತೆಂಬುದು ಕೇಳತಕ್ಕ ಸಂಗತಿಯು. 1947ರಲ್ಲಿ ಬ್ರಿಟಿಷರು ಪ್ಯಾಲೆಸ್ಟೈನಿನ ಭಾರವನ್ನು ಇಳಿಸಬೇಕೆಂದಾಗ ಸಂಯುಕ್ತ ರಾಷ್ಟ್ರಸಂಘವು 11 ರಾಷ್ಟ್ರಗಳ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಅದರಲ್ಲಿ ಭಾರತದ ಪ್ರತಿನಿಧಿಯು ಲಾಹೋರ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಸರ್ ಅಬ್ದುರ್ ರಹಮಾನರು. ಸಮಿತಿಯ ಹೆಚ್ಚಿನವರು ದೇಶವನ್ನು ಎರಡಾಗಿ ವಿಭಾಗಿಸಬೇಕೆಂದರು. ಭಾರತ, ಇರಾಣ, ಯುಗೋಸ್ಲಾವಿಯಾ ಈ ಮೂರು ರಾಷ್ಟ್ರಗಳು ಅದನ್ನೊಪ್ಪದೆ, ಎರಡು ಅಂಗರಾಜ್ಯಗಳುಳ್ಳ ಒಂದೇ ಸಂಯುಕ್ತ ರಾಜ್ಯವಾಗಲಿ, ಜೆರುಸಲೇಮು ಅದರ ರಾಜಧಾನಿಯಾಗಲಿ ಎಂದು ಬೇರೆ ಅಭಿಪ್ರಾಯವನ್ನು ಬರೆದವು. ಸಮಿತಿಯ ವರದಿಗೆ ರುಜು ಬಿದ್ದದ್ದು 1947ರ ಆಗಸ್ಟ 31ರಂದು. ಅದಕ್ಕೆ ಹದಿನಾರು ದಿನ ಮುಂಚೆ ನಮ್ಮ ದೇಶವೇ ಎರಡಾಗಿತ್ತು! ಪರರ ನಾಡನ್ನು ಒಡೆಯಬೇಡಿರೆಂದು ಬರೆದ ಆ ನ್ಯಾಯಾಧೀಶರ ನ್ಯಾಯಾಲಯವಿದ್ದ ಪಟ್ಟಣವು ಗಡಿಯ ಆಚೆಗೆ ಹೋಗಿತ್ತು. ಅವರು ಮುಂದೆ ಪಾಕಿಸ್ತಾನದ ನ್ಯಾಯಪೀಠವನ್ನು ಸೇರಿದರು. ಆ ವರುಷದ ನವೆಂಬರ 29ರಂದು ವಿಭಾಗದ ಠರಾವು 33 ಮತಗಳಿಂದ ಅಂಗೀಕೃತವಾಯಿತು. ವಿರೋಧಿಸಿದ 13 ರಾಷ್ಟ್ರಗಳಲ್ಲಿ ಭಾರತವೂ ಒಂದು. 10 ರಾಷ್ಟ್ರಗಳು ಮೌನವಾಗಿದ್ದವು. ಒಡೆದ ಮನೆಯ ಗಾಯವು ಹಸಿಯಾಗಿದ್ದಾಗ ಇನ್ನೊಂದು ಮನೆಯನ್ನು ಒಡೆಯಿರೆಂದು ಹೇಳುವದು ನಮ್ಮವರಿಂದಾಗಲಿಲ್ಲ.

ಆದರೆ ಕಾಲವು ನಿಲ್ಲುವದಿಲ್ಲ. ಇಸ್ರೇಲು ಸ್ಥಾಪಿತವಾಯಿತು, 1950ರ ಸಪ್ಟೆಂಬರ 17ರಂದು ಭಾರತವು ಅದನ್ನು ಮನ್ನಿಸಿತು, ಆದರೂ ರಾಯಭಾರಿಗಳನ್ನು ವಿನಿಮಯ ಮಾಡಿಕೊಳ್ಳದೆ ಮುಂಬಯಿಯಲ್ಲಿ ಅದರ ಒಂದು ವಾಣಿಜ್ಯದೂತರ ಕಚೇರಿಗೆ ಮಾತ್ರ ಎಡೆಗೊಟ್ಟು ನಾಲ್ಕು ದಶಕಗಳನ್ನು ಕಳೆಯಿತು. 1974ರಲ್ಲಿ ಪ್ಯಾಲೆಸ್ಟೈನ್ ವಿಮೋಚನಾ ಸಂಘವೇ ಆ ಜನರ ಪ್ರತಿನಿಧಿಯೆಂದು ಒಪ್ಪಿದವರಲ್ಲಿ ಅರಬೇತರ ರಾಷ್ಟ್ರಗಳ ಪೈಕಿ ಭಾರತವೇ ಮೊದಲನೆಯದು. 1988ರ ನವೆಂಬರ 15ರಂದು ಆ ಸಂಘದವರು ಆಲ್ಜಿಯರ್ಸ್ ಪಟ್ಟಣದಲ್ಲಿ ಕೂಡಿ ಪ್ಯಾಲೆಸ್ಟೈನ್ ರಾಜ್ಯವನ್ನು ಸಾರಿದರು. 1947ರಲ್ಲಿ ತಾವು ತಳ್ಳಿಹಾಕಿದ್ದ ವಿಭಾಗದ ಠರಾವನ್ನೇ ಆ ದಿನ ಆಧಾರವಾಗಿ ಹಿಡಿದರೆಂಬುದು ಮುಖ್ಯವಾದ ಮಾತು. ಮೂರು ದಿವಸಗಳೊಳಗಾಗಿ ಭಾರತವು ಆ ರಾಜ್ಯವನ್ನು ಮನ್ನಿಸಿತು. 1992ರ ಜನವರಿ 29ರಂದು ಇಸ್ರೇಲಿನೊಡನೆ ಪೂರ್ಣ ರಾಯಭಾರ ಸಂಬಂಧವನ್ನು ಬೆಳೆಸಿತು. ಅಂದಿನಿಂದ ವ್ಯಾಜ್ಯದ ಎರಡೂ ಪಕ್ಷಗಳ ಮನೆಯ ಬಾಗಿಲು ನಮಗೆ ತೆರೆದಿರುತ್ತದೆ. ಭಾರತದ ಪ್ರಧಾನಮಂತ್ರಿಗಳು 2017ರ ಜುಲೈ ತಿಂಗಳಲ್ಲಿ ಇಸ್ರೇಲಿಗೂ, 2018ರ ಫೆಬ್ರವರಿಯಲ್ಲಿ ಪ್ಯಾಲೆಸ್ಟೈನಿನ ರಾಮಲ್ಲಾಕ್ಕೂ ಹೋಗಿಬಂದರು. ಮೊದಲು ವಿಭಾಗವೇ ಬೇಡವೆಂದವರು ಈಗ ಎರಡು ರಾಜ್ಯಗಳಾಗಲೆಂದು ಹೇಳುತ್ತಿರುವದರಲ್ಲಿ ವಿರೋಧವೇನೂ ಇಲ್ಲ. ಕೂಡಿ ಬಾಳಲಾರದವರು ಕಾದಾಡಿ ಸಾಯುವದಕ್ಕಿಂತ ಬೇರೆ ಬೇರೆಯಾಗಿ ಬದುಕುವದು ಲೇಸೆಂಬ ಅನುಭವದ ಮಾತದು.

ಆ ಎರಡು ಜನಾಂಗಗಳೂ ಒಮ್ಮೆ ಸಂಧಿಯ ಹೊಸ್ತಿಲಿನ ವರೆಗೆ ಬಂದಿದ್ದವು. 1993ರಲ್ಲಿ ನಾರ್ವೆಯೆಂಬ ಸಣ್ಣ ರಾಜ್ಯದ ಸರಕಾರವು ಇಬ್ಬರಿಗೂ ಗುಪ್ತವಾಗಿ ಜಾಗವನ್ನೊದಗಿಸಿ, ತಿಂಗಳುಗಟ್ಟಲೆ ಸಹನೆಯಿಂದ ಮಾತಾಡಿಸಿ, ಒಡಂಬಡಿಕೆಯನ್ನು ಮಾಡಿಸಿತು. ಸಪ್ಟೆಂಬರ 13ರಂದು ವಾಶಿಂಗ್ಟನ್ನಿನಲ್ಲಿ ಅದಕ್ಕೆ ರುಜುಗಳಾದವು. ಆದರೆ ಜೆರುಸಲೇಮು ಯಾರದು, ಗಡಿಯು ಎಲ್ಲಿ, ನಿರಾಶ್ರಿತರ ಗತಿಯೇನು, ಇಸ್ರೇಲಿಗರು ಕಟ್ಟಿದ ವಸತಿಗಳೇನಾಗಬೇಕು, ರಕ್ಷಣೆಯ ಬಗೆ ಯಾವುದು ಎಂಬ ಮುಖ್ಯ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿದ್ದರು. ಮುಂದಕ್ಕೆ ಹಾಕಿದ ಪ್ರಶ್ನೆಗಳು ಹಾಗೆಯೇ ಕುಳಿತಿರಲಿಲ್ಲ, ಬೆಳೆದವು. ಆ ವರುಷ ಪಶ್ಚಿಮ ದಂಡೆಯ ವಸತಿಗಳಲ್ಲಿದ್ದ ಇಸ್ರೇಲಿಗರು, ಪೂರ್ವ ಜೆರುಸಲೇಮನ್ನು ಬಿಟ್ಟು, 1 ಲಕ್ಷಕ್ಕಿಂತ ಸ್ವಲ್ಪ ಹೆಚ್ಚಾಗಿದ್ದರು. 2023ರ ಹೊತ್ತಿಗೆ 5 ಲಕ್ಷವನ್ನು ಮೀರಿದ್ದರು. ಒಡಂಬಡಿಕೆ ಮಾಡಿದ ಪ್ರಧಾನಮಂತ್ರಿ ರಬೀನರನ್ನು 1995ರ ನವೆಂಬರ 4ರಂದು ಅವರ ಜನಾಂಗದವನೇ ಗುಂಡಿಟ್ಟು ಕೊಂದನು. ಹಮಾಸಿನವರು ಜನರು ತುಂಬಿದ ಮೋಟಾರು ಬಸ್ಸುಗಳಲ್ಲಿ ಬಾಂಬುಗಳನ್ನು ಸಿಡಿಸಿದರು. 2000ದ ಜುಲೈಯಲ್ಲಿ ಅಮೇರಿಕೆಯ ಕ್ಯಾಂಪ್ ಡೇವಿಡ್ಡಿನಲ್ಲಿ ಕೂಡಿದ ಸಭೆಯು ಮುರಿಯಿತು. 2023ರ ಅಕ್ಟೋಬರ 7ರಂದು ಹಮಾಸಿನವರು ಇಸ್ರೇಲಿನೊಳಕ್ಕೆ ನುಗ್ಗಿ ಸುಮಾರು 1,200 ಜನರನ್ನು ಕೊಂದು, 250 ಜನರನ್ನು ಸೆರೆಯೊಯ್ದರು. ಅನಂತರ ಇಸ್ರೇಲು ಗಾಜಾದ ಮೇಲೆ ನಡೆಯಿಸಿದ ಯುದ್ಧದಲ್ಲಿ ಸತ್ತವರ ಸಂಖ್ಯೆಯು, ಅಲ್ಲಿಯ ಆರೋಗ್ಯ ಇಲಾಖೆಯ ಲೆಕ್ಕದ ಮೇರೆಗೆ, 2025ರ ಜುಲೈ ಮುಗಿಯುವದರೊಳಗಾಗಿ 60,000ವನ್ನು ದಾಟಿತ್ತು. ಅವರಲ್ಲಿ ಸಾವಿರಾರು ಮಕ್ಕಳು. 2025ರ ಅಕ್ಟೋಬರ 10ರಂದು ಯುದ್ಧವಿರಾಮವು ಜಾರಿಗೆ ಬಂದಿತು. ವಿರಾಮವೇ ಸಂಧಿಯಲ್ಲ.

ಇನ್ನು ಶಾಸ್ತ್ರದ ಕಡೆಗೆ ಬರೋಣ. ಇಬ್ಬರ ವ್ಯಾಜ್ಯದಲ್ಲಿ ಹೊರಗಿನ ಮೂರನೆಯವನ ಸ್ಥಾನವೇನೆಂಬುದನ್ನು ನಮ್ಮ ರಾಜನೀತಿಶಾಸ್ತ್ರಕಾರರು ಸೂಕ್ಷ್ಮವಾಗಿ ವಿಚಾರಿಸಿರುವರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ತಾಳೆಯ ಗರಿಗಳಿಂದ ಹೊರತೆಗೆದು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಆದ್ದರಿಂದ ಆ ಗ್ರಂಥದ ವಿಷಯದಲ್ಲಿ ಕನ್ನಡಿಗರಿಗೆ ಸ್ವಲ್ಪ ವಿಶೇಷವಾದ ಹಕ್ಕೂ ಹೊಣೆಯೂ ಉಂಟು. ಆ ಶಾಸ್ತ್ರದ ರಾಜಮಂಡಲದಲ್ಲಿ ‘ಉದಾಸೀನ’ನೆಂಬ ಒಬ್ಬ ರಾಜನಿದ್ದಾನೆ. ಈಗ ನಾವು ಕನ್ನಡದಲ್ಲಿ ಉದಾಸೀನವೆಂದರೆ ಅಲಕ್ಷ್ಯ, ತಾತ್ಸಾರ, ‘ನನಗೇನು’ ಎನ್ನುವ ಮನಸ್ಸು ಎಂದು ತಿಳಿಯುತ್ತೇವೆ. ಹೊಲದ ಕೆಲಸದಲ್ಲಿ ಉದಾಸೀನ ಮಾಡಬೇಡವೆಂದು ಮಗನಿಗೆ ಹೇಳುತ್ತೇವೆ. ಶಾಸ್ತ್ರದಲ್ಲಿಯ ಅರ್ಥವು ಅದಲ್ಲ. ‘ಉತ್’ ಎಂದರೆ ಮೇಲೆ, ಹೊರಗೆ. ‘ಆಸೀನ’ ಎಂದರೆ ಕುಳಿತವನು. ಜಗಳವಾಡುವವರ ವಲಯದ ಹೊರಗೆ ಎತ್ತರದಲ್ಲಿ ಕುಳಿತಿರುವ ಬಲಶಾಲಿಯೇ ಉದಾಸೀನನು. ಅವನ ಲಕ್ಷಣವೆಂದರೆ, ಆ ರಾಜರು ಕೂಡಿರಲಿ ಬೇರಾಗಿರಲಿ ಅವರಿಗೆ ಅನುಗ್ರಹ ಮಾಡಲು ಸಮರ್ಥನಾಗಿರುವದು. ಬೇರಾಗಿದ್ದಾಗ ಅವರನ್ನು ನಿಗ್ರಹಿಸಲೂ ಸಮರ್ಥನಾಗಿರುವದು. ಅನುಗ್ರಹ, ನಿಗ್ರಹ ಇವೆರಡೂ ಇದ್ದರೆ ಉದಾಸೀನನು. ಇವೆರಡೂ ಇಲ್ಲದೆ ಹೊರಗೆ ಕುಳಿತವನು ಬರಿಯ ನೋಟಕನು. ಎತ್ತರದಲ್ಲಿ ಕುಳಿತವರು ಬಹುಕಾಲ ಸುಮ್ಮನೆ ಕುಳಿತದ್ದರಿಂದಲೇ ಆ ಶಬ್ದವು ಇಂದಿನ ಅರ್ಥಕ್ಕೆ ಇಳಿದಿರಬೇಕೆಂದು ನನಗೆ ತೋರುತ್ತದೆ.

ಕೆಲವರು ‘ಇಬ್ಬರೊಡನೆಯೂ ಸ್ನೇಹವೆಂದರೆ ಶಾಸ್ತ್ರದಲ್ಲಿ ಹೇಳಿದ ದ್ವೈಧೀಭಾವವಲ್ಲವೇ?’ ಎಂದು ಕೇಳಬಹುದು. ಅಲ್ಲ. ಒಬ್ಬನೊಡನೆ ಸಂಧಿ, ಇನ್ನೊಬ್ಬನೊಡನೆ ವಿಗ್ರಹ, ಇದು ದ್ವೈಧೀಭಾವವು. ಭಾರತಕ್ಕೆ ಇಸ್ರೇಲೂ ಶತ್ರುವಲ್ಲ, ಪ್ಯಾಲೆಸ್ಟೈನೂ ಶತ್ರುವಲ್ಲ. ಆದ್ದರಿಂದ ನಮ್ಮ ಸ್ಥಾನಕ್ಕೆ ಶಾಸ್ತ್ರವು ಕೊಡುವ ಹೆಸರು ಉದಾಸೀನವೇ. ಎರಡರಲ್ಲಿ ಯಾವ ಅರ್ಥದ ಉದಾಸೀನವೆಂಬುದಷ್ಟೇ ಉಳಿದ ಪ್ರಶ್ನೆಯು.

ಅನುಗ್ರಹದ ಲೆಕ್ಕವು ಭಾರತಕ್ಕೆ ಅಪಮಾನ ತರುವಂಥದಲ್ಲ. ಪ್ಯಾಲೆಸ್ಟೈನಿನ ನಿರಾಶ್ರಿತರ ಅನ್ನ ಔಷಧ ವಿದ್ಯೆಗಳನ್ನು ನೋಡಿಕೊಳ್ಳುವ ರಾಷ್ಟ್ರಸಂಘದ ಸಂಸ್ಥೆಗೆ ವರುಷಕ್ಕೆ ಕೊಡುತ್ತಿದ್ದ 12 ಲಕ್ಷ 50 ಸಾವಿರ ಡಾಲರುಗಳ ಸಹಾಯವನ್ನು ಭಾರತವು 2018ರಲ್ಲಿ 50 ಲಕ್ಷಕ್ಕೆ ಏರಿಸಿತು. ಬೇತ್ ಸಾಹೂರದಲ್ಲಿ ಆಸ್ಪತ್ರೆಯನ್ನು ಕಟ್ಟಿಸಿಕೊಡಲು ಅದೇ ವರುಷ ಒಪ್ಪಂದ ಮಾಡಿಕೊಂಡಿತು. ಗಾಜಾದ ಅಲ್ ಅಜಹರ್ ವಿದ್ಯಾಪೀಠದಲ್ಲಿ ಜವಾಹರಲಾಲ ನೆಹರೂ ಅವರ ಹೆಸರಿನ ಗ್ರಂಥಾಲಯವು ಭಾರತದ ಧನದಿಂದ ಆದದ್ದು. ವಿದ್ಯಾರ್ಥಿಗಳಿಗೆ ಅನ್ನವನ್ನೂ ಪುಸ್ತಕವನ್ನೂ ಕೊಟ್ಟು ಬೆಳೆದ ಮಠಗಳವರಾದ ನಾವು ಇಂಥ ಅನುಗ್ರಹದ ಬೆಲೆಯನ್ನು ಬಲ್ಲೆವು.

ನಿಗ್ರಹದ ವಿಷಯದಲ್ಲಿ ಮಾತ್ರ ನಮ್ಮ ಧ್ವನಿಯು ಒಮ್ಮೆ ಏರಿ ಒಮ್ಮೆ ಇಳಿದಿರುತ್ತದೆ. ಸಂಯುಕ್ತ ರಾಷ್ಟ್ರಸಂಘದ ಮಹಾಸಭೆಯಲ್ಲಿ 2023ರ ಅಕ್ಟೋಬರ 27ರಂದು ಯುದ್ಧವಿರಾಮದ ಠರಾವು ಬಂದಾಗ, ಅದರಲ್ಲಿ ಹಮಾಸಿನ ಕೃತ್ಯದ ಖಂಡನೆಯಿಲ್ಲವೆಂದು ಭಾರತವು ಮತ ಕೊಡದೆ ಉಳಿಯಿತು; ಡಿಸೆಂಬರ 12ರಂದು ತತ್‌ಕ್ಷಣ ಯುದ್ಧವನ್ನು ನಿಲ್ಲಿಸಬೇಕೆಂಬ ಠರಾವಿಗೆ 153 ರಾಷ್ಟ್ರಗಳೊಡನೆ ಮತವಿತ್ತಿತು. ಪರಭೂಮಿಯ ಆಕ್ರಮಣವು ನ್ಯಾಯವಿರುದ್ಧವೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 2024ರ ಜುಲೈಯಲ್ಲಿ ಅಭಿಪ್ರಾಯ ಕೊಟ್ಟ ಮೇಲೆ, ಅದನ್ನು ಹನ್ನೆರಡು ತಿಂಗಳಲ್ಲಿ ಬಿಟ್ಟುಕೊಡಬೇಕೆಂಬ ಸಪ್ಟೆಂಬರದ ಠರಾವಿನಲ್ಲಿ ಮೌನವಾಯಿತು. 2025ರ ಜೂನ್ 12ರಂದು 149 ರಾಷ್ಟ್ರಗಳು ಒಪ್ಪಿದ ಯುದ್ಧವಿರಾಮದ ಠರಾವಿನಲ್ಲಿಯೂ ಮೌನವಾಯಿತು. ಅದೇ ವರುಷ ಸಪ್ಟೆಂಬರ 12ರಂದು ಮತ್ತೆ ಬಾಯ್ದೆರೆಯಿತು. ಫ್ರಾನ್ಸವೂ ಸೌದಿ ಅರೇಬಿಯವೂ ಮುಂದಾಗಿ ಜುಲೈಯಲ್ಲಿ ನೆರೆಯಿಸಿದ ಪರಿಷತ್ತಿನ ನ್ಯೂಯಾರ್ಕ್ ಘೋಷಣೆಯನ್ನು ಆ ದಿನ ಮಹಾಸಭೆಯು 142 ಮತಗಳಿಂದ ಅಂಗೀಕರಿಸಿತು. ವಿರೋಧ 10, ಮೌನ 12. ಭಾರತದ ಮತವು ಘೋಷಣೆಯ ಪರವಾಗಿತ್ತು. ಆ ಘೋಷಣೆಯು ಅಕ್ಟೋಬರ 7ರ ಹತ್ಯೆಯನ್ನು ಖಂಡಿಸುತ್ತದೆ, ಹಮಾಸು ಆಯುಧಗಳನ್ನು ಕೆಳಗಿಡಬೇಕೆನ್ನುತ್ತದೆ; ಗಾಜಾದ ನಿರಪರಾಧಿಗಳ ಮೇಲಿನ ದಾಳಿಯನ್ನೂ ಅವರನ್ನು ಹಸಿವಿಗೆ ನೂಕಿದ್ದನ್ನೂ ಅಷ್ಟೇ ಸ್ಪಷ್ಟವಾಗಿ ಖಂಡಿಸುತ್ತದೆ, ಪರಭೂಮಿಯಲ್ಲಿ ವಸತಿಗಳನ್ನು ಕಟ್ಟುವದನ್ನು ನಿಲ್ಲಿಸಬೇಕೆನ್ನುತ್ತದೆ. ಇದು ಉಭಯಪಕ್ಷಗಳ ನಿಗ್ರಹವು. ಅದಕ್ಕೆ ಭಾರತವು ಹೌದೆಂದದ್ದು ನನ್ನ ಮನಸ್ಸಿಗೆ ಸಮಾಧಾನ ತಂದಿತು.

ಪೂರ್ವಪಕ್ಷವನ್ನು ಮುಚ್ಚಿಟ್ಟು ಸಿದ್ಧಾಂತ ಹೇಳುವದು ಪಾಠಶಾಲೆಯ ಪದ್ಧತಿಯಲ್ಲ. ಸರಕಾರದ ಪರವಾಗಿ ಹೇಳತಕ್ಕ ಮಾತುಗಳಿವೆ, ಅವು ಹಗುರಾದವುಗಳಲ್ಲ. ಒಂದನೆಯದಾಗಿ, ಭಾರತವು ತಾನೇ ಭೀತಿವಾದಿಗಳ ಹತ್ಯೆಗಳಿಂದ ನೊಂದದ್ದು. ಅಂಥ ಕೃತ್ಯವನ್ನು ಹೆಸರಿಸದ ಠರಾವಿಗೆ ಕೈಯೆತ್ತಲು ಅದು ಹಿಂಜರಿಯುವದು ಸಹಜವು. ಎರಡನೆಯದಾಗಿ, 1999ರ ಕಾರಗಿಲ್ ಯುದ್ಧದಲ್ಲಿ ಇಸ್ರೇಲು ನಮಗೆ ಯುದ್ಧಸಾಮಗ್ರಿಗಳನ್ನಿತ್ತು ನೆರವಾಯಿತು. ಅನಂತರವೂ ನಮ್ಮ ಸೈನ್ಯಕ್ಕೆ ಬೇಕಾದ ಅನೇಕ ಆಯುಧಗಳು ಅಲ್ಲಿಂದಲೇ ಬಂದಿರುತ್ತವೆ. ಆಪತ್ತಿನಲ್ಲಿ ಕೊಟ್ಟವನನ್ನು ಬೀದಿಯಲ್ಲಿ ನಿಂತು ಬಯ್ಯುವದು ಸಂಭಾವಿತರ ಲಕ್ಷಣವಲ್ಲ. ಮೂರನೆಯದಾಗಿ, ನಮ್ಮ ಲಕ್ಷಾನುಲಕ್ಷ ಜನರು ಅರಬ ದೇಶಗಳಲ್ಲಿ ದುಡಿಯುತ್ತಿರುವರು, ಸಾವಿರಾರು ಜನರು ಇಸ್ರೇಲಿನಲ್ಲಿ ದುಡಿಯುತ್ತಿರುವರು. ಅವರ ಕ್ಷೇಮವು ಸರಕಾರದ ಮೊದಲನೆಯ ಹೊಣೆಯು. ನಾಲ್ಕನೆಯದಾಗಿ, ಅಮೇರಿಕೆಯಂಥ ಪ್ರಬಲ ರಾಷ್ಟ್ರಕ್ಕೆ ಸಾಧ್ಯವಾಗದ್ದು ನಮಗೆಲ್ಲಿ ಸಾಧ್ಯವಾದೀತೆಂಬ ಸಂಶಯ.

ಇವುಗಳಿಗೆ ಉತ್ತರ ಹೇಳುವ ಮೊದಲು, ಈ ಮಠದ ಪಡಸಾಲೆಯಲ್ಲಿ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಲು ಅಪ್ಪಣೆಯಾಗಲಿ. ನಾನಿಲ್ಲಿ ಪಾಠ ಹೇಳಲು ಬಂದ ಹೊಸದು. ಹತ್ತಿರದ ಒಂದು ಹಳ್ಳಿಯ ಅಣ್ಣತಮ್ಮಂದಿರ ಹೊಲದ ವ್ಯಾಜ್ಯವು ಅಂದಿನ ಹಿರಿಯ ಸನ್ನಿಧಿಯವರ ಮುಂದೆ ಬಂದಿತು. ಎರಡು ವರುಷಗಳ ಹಿಂದೆಯೇ ಊರ ಹಿರಿಯರು ಐದು ಮಂದಿ ಕೂಡಿ ಪಾಲು ಮಾಡಿ, ಇಬ್ಬರನ್ನೂ ಒಪ್ಪಿಸಿ, ಎಲೆ ಅಡಿಕೆ ಹಾಕಿಕೊಂಡು ಎದ್ದುಹೋಗಿದ್ದರು. ಆದರೆ ಅಣ್ಣನು ವರುಷ ವರುಷವೂ ಬದುವನ್ನೊಡೆದು ನಾಲ್ಕು ನಾಲ್ಕು ಸಾಲು ಮುಂದಕ್ಕೆ ಉಳುತ್ತ ಬಂದನು. ತಮ್ಮನ ಕಡೆಯವರು ಒಂದು ರಾತ್ರಿ ಅಣ್ಣನ ಬಣವೆಗೆ ಬೆಂಕಿಯಿಟ್ಟರು. ಒಂದು ಎತ್ತು ಸತ್ತಿತು. ಹಿರಿಯರು ಕೈಮುಗಿದು, “ಅಜ್ಜಾರ, ನಮ್ಮದೇನೂ ತಪ್ಪಿಲ್ಲರಿ. ಪಾಲಿಗೆ ನಾವು ಐದೂ ಮಂದಿ ಒಪ್ಪಿಗಿ ಕೊಟ್ಟೇವಿ” ಎಂದರು. ಸನ್ನಿಧಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಪ್ಪಿಗಿ ಕೊಟ್ಟೀರಿ, ಖರೆ. ಬಾಂದಗಲ್ಲು ನೆಡೋ ದಿನಾ ಹೊಲಕ್ಕ ಯಾರು ಯಾರು ಬಂದಿದ್ರಿ?” ಎಂದು ಕೇಳಿದರು. ಐದು ಮಂದಿಯೂ ತಲೆ ತಗ್ಗಿಸಿದರು. ಒಬ್ಬನಿಗೆ ಸಂತೆಯಿತ್ತು, ಒಬ್ಬನಿಗೆ ಬೀಗರ ಮನೆಯಲ್ಲಿ ಮದುವೆ, ಒಬ್ಬನು ಅಣ್ಣನಿಂದ ಎತ್ತು ಕೊಂಡವನಾದ್ದರಿಂದ ಅವನಿಗೆ ಸಂಕೋಚ. ಕಲ್ಲು ನೆಡಲೇ ಇಲ್ಲ.

ಮಹಾಶಯರೇ, ಆ ಐದು ಮಂದಿಯಲ್ಲಿ ಯಾರೂ ಕೆಟ್ಟವರಲ್ಲ. ಅವರು ಹೌದೆಂದ ಮಾತೂ ಸುಳ್ಳಲ್ಲ. ಹೌದೆಂದು ಹೇಳಿ ಮನೆಗೆ ಹೋದರು, ಅಷ್ಟೇ ಅವರ ತಪ್ಪು. ಅವರು ಎದ್ದುಹೋದ ದಿನದಿಂದ ಒಬ್ಬನ ನೇಗಿಲೂ ಇನ್ನೊಬ್ಬನ ಕೊಳ್ಳಿಯೂ ಪಾಲಿನ ಮಾತನ್ನು ಅಳಿಸುತ್ತ ಬಂದವು. ಎರಡು ರಾಜ್ಯಗಳ ಸಂಧಿಗೂ ಇದೇ ಅವಸ್ಥೆಯು ಬಂದಿರುತ್ತದೆ. ಲೋಕದ ಬಹುತೇಕ ರಾಷ್ಟ್ರಗಳು ಅದಕ್ಕೆ ಹೌದೆಂದಿವೆ. ನೆಲದ ಮೇಲೆ ಗಡಿಯ ಕಲ್ಲು ಮಾತ್ರ ಇಲ್ಲ. ಪ್ಯಾಲೆಸ್ಟೈನ್ ರಾಜ್ಯವು ಯಾವ ಭೂಮಿಯ ಮೇಲೆ ನಿಲ್ಲಬೇಕೋ ಆ ಭೂಮಿಯು ವಸತಿಗಳಿಂದ ತುಂಬಿಹೋದರೆ, ಮುಂದೆ ನಾವು ಎರಡು ರಾಜ್ಯಗಳೆಂದು ಎಷ್ಟು ಸಾರಿ ಜಪಿಸಿದರೂ ಆ ಮಂತ್ರಕ್ಕೆ ದೇವತೆಯಿರುವದಿಲ್ಲ. ಇಸ್ರೇಲಿನ ತಾಯಿಯು ತನ್ನ ಮಗನು ಸಂಜೆಗೆ ಮನೆಗೆ ಬರುವನೆಂಬ ಧೈರ್ಯವಿಲ್ಲದೆ ಬದುಕಬೇಕಾದರೆ, ಪಾಲು ಕೊಡಿರೆಂಬ ನಮ್ಮ ಉಪದೇಶವು ಅವಳ ಕಿವಿಗೆ ಸೇರುವದಿಲ್ಲ.

ಆದ್ದರಿಂದ ಪೂರ್ವಪಕ್ಷಕ್ಕೆ ಉತ್ತರವಿದು. ಭೀತಿವಾದಿಗಳ ಕೃತ್ಯವನ್ನು ಹೆಸರಿಸಬೇಕೆಂಬುದು ನ್ಯಾಯವೇ. ಹೆಸರಿಸದ ಠರಾವು ಬಂದರೆ ಅದನ್ನೂ ಹೇಳಿ, ಹಸಿದ ಮಕ್ಕಳ ಪರವಾಗಿಯೂ ಕೈಯೆತ್ತಬಹುದು. 2023ರ ಡಿಸೆಂಬರದಲ್ಲಿ ಹಾಗೆ ಮಾಡಲು ಸಾಧ್ಯವಾದದ್ದು 2025ರ ಜೂನದಲ್ಲಿಯೂ ಸಾಧ್ಯವಿತ್ತು. ಇಸ್ರೇಲಿನ ಸ್ನೇಹದಿಂದ ನಮ್ಮ ಬಾಯಿ ಕಟ್ಟಬೇಕಾಗಿಲ್ಲ. ಕಾಣದ ವೈದ್ಯನು ಪಥ್ಯ ಹೇಳಿದರೆ ರೋಗಿಯು ಕೇಳುವದಿಲ್ಲ, ಮನೆಯ ವೈದ್ಯನು ಹೇಳಿದರೆ ಕೇಳುವನು. ಇಸ್ರೇಲಿನ ಮಂತ್ರಿಗಳೊಡನೆ ಕುಳಿತು, ‘ಮಿತ್ರರೇ, ಬದುವನ್ನೊಡೆಯಬೇಡಿರಿ’ ಎಂದು ಹೇಳಬಲ್ಲ ಸಲಿಗೆಯು ಲೋಕದಲ್ಲಿ ಕೆಲವೇ ರಾಷ್ಟ್ರಗಳಿಗಿದೆ, ಅದರಲ್ಲಿ ಭಾರತವೊಂದು. ಅದೇ ರೀತಿ ಪ್ಯಾಲೆಸ್ಟೈನಿನ ನಾಯಕರಿಗೆ, ‘ಬಣವೆಗೆ ಬೆಂಕಿಯಿಡುವವರನ್ನು ನಿಮ್ಮವರೆನ್ನಬೇಡಿರಿ, ನಿಮ್ಮ ಆಡಳಿತವನ್ನು ಶುದ್ಧಮಾಡಿಕೊಳ್ಳಿರಿ’ ಎಂದು ಹೇಳುವ ಅಧಿಕಾರವೂ, ಅವರ ರಾಜ್ಯವನ್ನು 1988ರಲ್ಲಿಯೇ ಮನ್ನಿಸಿದ ಭಾರತಕ್ಕೆ ಇದೆ. ಇಬ್ಬರ ಸ್ನೇಹವನ್ನೂ ಸಂಪಾದಿಸಿ ಅದನ್ನು ಈ ಕಾರ್ಯಕ್ಕೆ ವೆಚ್ಚ ಮಾಡದಿರುವದು, ನೆಲದಲ್ಲಿ ಹೂತಿಟ್ಟ ಹಣದಂತೆ, ಇದ್ದವನಿಗೂ ಇಲ್ಲ, ಬೇಡಿದವನಿಗೂ ಇಲ್ಲ. ಅಲ್ಲಿ ದುಡಿಯುವ ನಮ್ಮ ಮಕ್ಕಳ ಕ್ಷೇಮವಾದರೂ ಯಾವುದರಲ್ಲಿದೆ? ಆ ನಾಡಿನ ಶಾಂತಿಯಲ್ಲಿಯೇ ಅಲ್ಲವೇ?

ಅಮೇರಿಕೆಗಾಗದ್ದು ನಮ್ಮಿಂದಾದೀತೇ ಎಂಬ ಸಂಶಯಕ್ಕೆ ನಾರ್ವೆಯೇ ಉತ್ತರವು. ಅದರ ಜನಸಂಖ್ಯೆಯು ನಮ್ಮ ಬೆಂಗಳೂರು ಪಟ್ಟಣದಷ್ಟೂ ಇಲ್ಲ. ಅದು ದಂಡು ತೆಗೆದುಕೊಂಡು ಹೋಗಲಿಲ್ಲ. ಜಾಗವನ್ನು ಕೊಟ್ಟಿತು, ಸಮಯವನ್ನು ಕೊಟ್ಟಿತು, ಒಡಂಬಡಿಕೆಯಾದ ಮೇಲೆ ಪ್ಯಾಲೆಸ್ಟೈನಿಗೆ ಧನ ಕೊಡುವ ರಾಷ್ಟ್ರಗಳ ಸಮಿತಿಗೆ 1993ರಿಂದಲೂ ಅಧ್ಯಕ್ಷನಾಗಿ ದುಡಿಯಿತು. ಒಡಂಬಡಿಕೆಯು ಮುರಿದ ದುಃಖವನ್ನೂ ಉಂಡಿತು. ಫಲ ಕೈಗೆ ಹತ್ತದಿದ್ದರೂ ಹೊಲವನ್ನು ಬಿಟ್ಟು ಹೋಗದಿರುವದೇ ಬೆಂಬಲವು.

ಇಷ್ಟು ಹೇಳಿದ ಮೇಲೆ ನಮ್ಮ ಸರಕಾರದಿಂದ ನಾವು ಅಪೇಕ್ಷಿಸತಕ್ಕದ್ದು ಸ್ಪಷ್ಟವಾಗಿಯೇ ಇದೆ. ಮಾಡುತ್ತ ಬಂದ ಅನುಗ್ರಹವು ಕಡಿಮೆಯಾಗದಿರಲಿ. ಗಾಜಾದಲ್ಲಿ ಬಿದ್ದ ಶಾಲೆ, ಆಸ್ಪತ್ರೆ, ಗ್ರಂಥಾಲಯಗಳನ್ನು ಎತ್ತುವ ಕೆಲಸದಲ್ಲಿ ಭಾರತದ ಕೈಯೂ ಇರಲಿ. 2025ರ ಸಪ್ಟೆಂಬರದಲ್ಲಿ ಮಹಾಸಭೆಯಲ್ಲಿ ಕೊಟ್ಟ ಮತವನ್ನು ಎರಡೂ ಮನೆಗಳಲ್ಲಿ ಖಾಸಗಿಯಾಗಿಯೂ ಅದೇ ಮಾತಿನಲ್ಲಿ ಹೇಳಲಿ. ಸಭೆಯಲ್ಲೊಂದು, ಸಂತೆಯಲ್ಲೊಂದು ಆಗದಿರಲಿ. ಗಡಿಯ ಕಲ್ಲನ್ನು ನೆಡುವ ದಿನವೆಂದಾದರೂ ಬಂದರೆ, ಆ ಹೊಲಕ್ಕೆ ಬರುವ ಸಾಕ್ಷಿಗಳಲ್ಲಿ, ಕಾವಲಿರುವವರಲ್ಲಿ, ಹ್ಯಾಗೆ 1956ರಲ್ಲಿ ಹೋಗಿದ್ದರೋ ಹಾಗೆ ನಮ್ಮವರೂ ಇರಲಿ. ಉದಾಸೀನವೆಂಬ ಶಬ್ದವು ನಮ್ಮ ನಡತೆಯಿಂದ ತನ್ನ ಮೊದಲಿನ ಅರ್ಥಕ್ಕೆ ಏರಲಿ.

ಪಂಡಿತರ ಸಭೆಯಲ್ಲಿ ರಾಜಕಾರಣದ ಮಾತನ್ನು ತಂದದ್ದಕ್ಕಾಗಿ ಹಿರಿಯರು ಕ್ಷಮಿಸಬೇಕು. ಆ ಅಣ್ಣತಮ್ಮಂದಿರ ಹೊಲಕ್ಕೆ ಮಾರನೆಯ ದಿನವೇ ಹಿರಿಯ ಸನ್ನಿಧಿಯವರು ಐದು ಮಂದಿಯನ್ನೂ ಕರೆದುಕೊಂಡು ತಾವೇ ನಡೆದುಹೋದರು. ಬಿಸಿಲಿನಲ್ಲಿ ಬರಿಗಾಲಿನಿಂದ ನಿಂತು ಕಲ್ಲುಗಳನ್ನು ನೆಡಿಸಿದರು. ಅಣ್ಣತಮ್ಮಂದಿರು ಅನಂತರ ಪ್ರೀತಿಯಿಂದಿದ್ದರೆಂದು ನಾನು ಹೇಳಲಾರೆನು. ಬಹುದಿವಸ ಅವರು ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಆದರೆ ಇಬ್ಬರೂ ತಂತಮ್ಮ ಪಾಲಿನಲ್ಲಿ ಬಿತ್ತಿದರು, ಇಬ್ಬರ ಮಕ್ಕಳೂ ಉಂಡರು, ಇನ್ನೊಂದು ಎತ್ತು ಸಾಯಲಿಲ್ಲ. ಆ ದೂರದ ನಾಡಿನ ಎರಡು ಜನಾಂಗಗಳಿಗೂ ಕನಿಷ್ಠಪಕ್ಷ ಅಷ್ಟು ಭಾಗ್ಯವಾದರೂ ಬರಲೆಂದೂ, ಅದಕ್ಕಾಗಿ ಹೊಲದ ವರೆಗೆ ನಡೆದು ಹೋಗುವ ಬುದ್ಧಿಯನ್ನು ನಮ್ಮ ದೇಶವನ್ನಾಳುವವರಿಗೆ ಪರಮಾತ್ಮನು ಕೊಡಲೆಂದೂ ಪ್ರಾರ್ಥಿಸುವೆನು.